ದೃಶ್ಯದ ಕಣಜ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯಲ್ಲಿ ಆಟವೆಂದರೆ ಯಕ್ಷಗಾನ. ಕಾಲಮಿತಿಯ ಪ್ರದರ್ಶನಗಳು ಬಂದಿದ್ದರೂ ಬೆಳಗಿನವರೆಗೆ ನಡೆಯುವ ಆಟದ ರುಚಿ ಇನ್ನೂ ಮಾಸಿಲ್ಲ. ಮಂದಾರ್ತಿ, ಸಾಲಿಗ್ರಾಮ ಮೇಳಗಳ ಪ್ರಸಂಗಗಳನ್ನು ಬೆಂಗಳೂರು, ಮುಂಬಯಿಗಳಲ್ಲಿ ನೆಲೆಸಿದವರು ತಮಗೆ ಬಿಡುವಾದ ಹೊತ್ತಿನಲ್ಲಿ ಫೋನಿನಲ್ಲಿ ನೋಡುತ್ತಾರೆ. ಮಠಗಳ ಪ್ರವಚನಗಳೂ ಇದೇ ದಾರಿಯಲ್ಲಿವೆ. ಇಂತಹ ವಿಡಿಯೋ ಭಂಡಾರವನ್ನು ಸ್ವಂತವಾಗಿ ಕಟ್ಟಬಯಸುವ ಸಂಸ್ಥೆಯವರು ಮೊದಲು ಕೇಳುವುದು 'ಎಷ್ಟು ಟೆರಾಬೈಟ್ ಬೇಕು?' ಎಂದು. ಪ್ರಶ್ನೆ ಸಹಜವಾದುದೇ, ಆದರೆ ಅದು ಎರಡನೆಯ ಪ್ರಶ್ನೆ.

ಸೆಕೆಂಡಿಗೆ 5 ಮೆಗಾಬಿಟ್‌ನಂತೆ ಮುದ್ರಿಸಿದ ಎಂಟು ಗಂಟೆಗಳ ಆಟಕ್ಕೆ 18 ಗಿಗಾಬೈಟ್ ಸಾಕು. 4 ಟೆರಾಬೈಟಿನ ಒಂದೇ ಡಿಸ್ಕಿನಲ್ಲಿ ಇನ್ನೂರಕ್ಕೂ ಮಿಕ್ಕಿದ ರಾತ್ರಿಗಳು ಹಿಡಿಯುತ್ತವೆ. ತೊಡಕಿರುವುದು ಬಡಿಸುವಲ್ಲಿ. ಏಕಕಾಲದಲ್ಲಿ ನೂರಾರು ಜನ, ಒಬ್ಬೊಬ್ಬರು ಒಂದೊಂದು ಭಾಗವನ್ನು ನೋಡುತ್ತಿರುವಾಗ, ಯಾರೊಬ್ಬರ ಚಿತ್ರವೂ ನಡುವೆ ನಿಲ್ಲಕೂಡದು.

ತಿರುಗುವ ಡಿಸ್ಕಿನ ಓದುಮೊನೆ ಒಂದು ಸ್ಥಳದಿಂದ ಇನ್ನೊಂದಕ್ಕೆ ಸರಿಯಲು ಸುಮಾರು ಸೆಕೆಂಡಿನ ನೂರನೆಯ ಒಂದು ಪಾಲು ಬೇಕು. ಪ್ರತಿ ಸಲವೂ 64 ಕಿಲೋಬೈಟಿನ ಚೂರನ್ನು ಮಾತ್ರ ತಂದರೆ ಒಂದು ಡಿಸ್ಕು ಹತ್ತು ಜನರನ್ನಷ್ಟೇ ತೃಪ್ತಿಪಡಿಸೀತು. ಒಂದೊಂದು ಮೆಗಾಬೈಟಿನ ತುಂಡನ್ನು ತಂದರೆ ಅದೇ ಡಿಸ್ಕು ತೊಂಬತ್ತಕ್ಕೂ ಹೆಚ್ಚು ಜನರಿಗೆ ಒದಗುತ್ತದೆ. ದಾಸೋಹದ ಪಂಕ್ತಿಯಲ್ಲಿ ಬಡಿಸುವವನು ಒಂದೊಂದು ಸೌಟಿಗೂ ಪಾಕಶಾಲೆಗೆ ಓಡಿದರೆ ಏನಾದೀತು? ತುಂಬಿದ ಪಾತ್ರೆಯನ್ನೇ ಹೊತ್ತು ತಂದವನು ಸಾಲನ್ನು ಮುಗಿಸುತ್ತಾನೆ. ಆ ಪಾತ್ರೆಯೇ ಸರ್ವರಿನ ಸ್ಮೃತಿ.

ಜನಪ್ರಿಯ ಪ್ರಸಂಗವೊಂದು ಒಂದೇ ಡಿಸ್ಕಿನಲ್ಲಿದ್ದರೆ ಎಲ್ಲರೂ ಅಲ್ಲಿಯೇ ಮುಗಿಬೀಳುತ್ತಾರೆ. ನೆರೆಯ ಡಿಸ್ಕುಗಳು ಸುಮ್ಮನೆ ತಿರುಗುತ್ತಿರುತ್ತವೆ. ಆದುದರಿಂದ ಅದನ್ನು ತುಂಡರಿಸಿ ಎಲ್ಲ ಡಿಸ್ಕುಗಳಿಗೂ ಸರದಿಯಂತೆ ಹಂಚುವುದು ರೂಢಿ. ಹಾಗೆ ಹಂಚಿದಾಗ ಒಂದು ಕೆಟ್ಟರೂ ಎಲ್ಲ ಪ್ರಸಂಗಗಳಿಗೂ ಕುಂದು. ಇದಕ್ಕೆ ಪರಿಹಾರವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ವಿದ್ವಾಂಸರು 1988ರ ಪ್ರಬಂಧದಲ್ಲಿ ಕ್ರಮಬದ್ಧವಾಗಿ ವಿವರಿಸಿದರು. ಮೂರು ಡಿಸ್ಕುಗಳಲ್ಲಿ 5, 7, 4 ಎಂಬ ಅಂಕಿಗಳಿದ್ದು ನಾಲ್ಕನೆಯದರಲ್ಲಿ ಅವುಗಳ ಮೊತ್ತ 16 ಇದ್ದರೆ, 7 ಅಳಿದರೂ ಕಳೆದು ಕಂಡುಕೊಳ್ಳಬಹುದಷ್ಟೆ. ತತ್ತ್ವ ಇಷ್ಟೇ.

1994ರ ಡಿಸೆಂಬರಿನಲ್ಲಿ ಅಮೆರಿಕದ ಒರ್ಲಾಂಡೋ ನಗರದಲ್ಲಿ ಟೈಮ್ ವಾರ್ನರ್ ಸಂಸ್ಥೆ ಮನೆಮನೆಗೆ ಬೇಡಿದ ಚಿತ್ರ ಒದಗಿಸುವ ಪ್ರಯೋಗ ಆರಂಭಿಸಿತು. ವೆಚ್ಚ ತಾಳದೆ 1997ರಲ್ಲಿ ಅದು ನಿಂತಿತು. ಡಿಸ್ಕುಗಳು ಅಗ್ಗವಾದ ಬಳಿಕ ದಾರಿ ಬದಲಾಯಿತು. 2012ರಿಂದ ನೆಟ್‌ಫ್ಲಿಕ್ಸ್ ತನ್ನ ಡಿಸ್ಕಿನ ಪೆಟ್ಟಿಗೆಗಳನ್ನು ಇಂಟರ್ನೆಟ್ ಒದಗಿಸುವವರ ನೆಲೆಗಳಲ್ಲಿಯೇ ಇರಿಸಿ, ಬೇಡಿಕೆ ಕಡಿಮೆಯಿರುವ ಹೊತ್ತಿನಲ್ಲಿ ತುಂಬಿಸುತ್ತಿದೆ. ಕೆಳದಿಯರಸರ ಕಾಲದ ಬಸರೂರಿನಿಂದ ಅಕ್ಕಿ ಸಮುದ್ರ ದಾಟುತ್ತಿತ್ತು. ಹಡಗು ಬಂದ ಮೇಲೆ ಗದ್ದೆಗೆ ಆಳು ಕಳುಹಿಸುವ ವರ್ತಕನನ್ನು ಯಾರು ನಂಬಿಯಾರು?

ಆದರೆ ಈ ಏರ್ಪಾಡೆಲ್ಲ ಹೆಚ್ಚು ಜನ ಬೇಡುವುದನ್ನು ಮುಂದಿಡುತ್ತದೆ. ಅಪರೂಪಕ್ಕೊಬ್ಬರು ಕೇಳುವ ಹಳೆಯ ಪ್ರವಚನ ನಿಧಾನದ ಡಿಸ್ಕಿಗೆ ಇಳಿಯುತ್ತದೆ. ಅದು ತಪ್ಪಲ್ಲ, ತಡವಾಗಿ ಬಂದರೂ ಬಂದರೆ ಸಾಕು. ನನ್ನ ಆತಂಕ ಬೇರೆ. ಮೊತ್ತದ ಡಿಸ್ಕನ್ನೇ ಎರಡನೆಯ ಪ್ರತಿಯೆಂದು ತಿಳಿದು ಮೂಲ ಕ್ಯಾಸೆಟ್ಟನ್ನು ಎಸೆಯುವವರಿದ್ದಾರೆ. ಬೆಂಕಿ ಬಿದ್ದರೆ, ಕೈತಪ್ಪಿ ಅಳಿಸಿದರೆ, ಆ ಮೊತ್ತದಿಂದ ಏನೂ ಮರಳದು.

ಕಲ್ಯಾಣದಿಂದ ಶರಣರು ವಚನದ ಕಟ್ಟುಗಳನ್ನು ಹೊತ್ತು ನಾನಾ ದಿಕ್ಕುಗಳಿಗೆ ಚದುರಿದರೆಂದು ಪರಂಪರೆ ಹೇಳುತ್ತದೆ. 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದ ಹಳಕಟ್ಟಿಯವರಿಗೆ ತಾಳೆಗರಿಗಳು ದೊರೆತದ್ದು ಒಂದೇ ಭಂಡಾರದಲ್ಲಲ್ಲ, ಹಲವು ಮಠ-ಮನೆಗಳಲ್ಲಿ.

ಕರಾವಳಿಯ ಮಳೆಗಾಲದ ತೇವಕ್ಕೆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುವುದನ್ನು ಇಲ್ಲಿನವರೆಲ್ಲ ಬಲ್ಲರು, ಡಿಸ್ಕಿಗೂ ಆಯುಸ್ಸಿದೆ. ಭಂಡಾರ ಕುಂದಾಪುರದಲ್ಲಿದ್ದರೆ ಇನ್ನೊಂದು ಪೂರ್ಣಪ್ರತಿ ಘಟ್ಟದ ಮೇಲೆ, ಶಿವಮೊಗ್ಗದಲ್ಲೋ ಧಾರವಾಡದಲ್ಲೋ ಇರಲಿ. ವರ್ಷಕ್ಕೊಮ್ಮೆ ಅದನ್ನು ತೆರೆದು ನೋಡುವ ಹೊಣೆಯನ್ನು ಸಂಸ್ಥೆಯ ಪುಸ್ತಕದಲ್ಲಿ ಒಬ್ಬರ ಹೆಸರಿಗೆ ಬರೆದಿಡಿ.