ಅಂಗಡಿಯವನಿಗೆ ಗಿಟ್ಟದ ವೈಫೈ ಎಷ್ಟು ದಿನ ನಡೆದೀತು?

ಪುಣೆಯ ಹಿಂಜೆವಾಡಿಯಲ್ಲಿ ನಾನಿರುವ ಓಣಿಯ ತುದಿಗೆ ಒಂದು ಝೆರಾಕ್ಸ್ ಅಂಗಡಿ ಇದೆ. ನಡೆಸುವವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ನಾನು ಬಾಗಲಕೋಟೆಯವನು, ಹಾಗಾಗಿ ಅವರು ನನಗೆ ಕಾಕಾ. ಎರಡು ವರ್ಷದ ಹಿಂದೆ ಅವರ ಅಂಗಡಿಯ ಬಾಗಿಲಿಗೆ ‘ಇಲ್ಲಿ ವೈಫೈ ಸಿಗುತ್ತದೆ’ ಎಂಬ ಮರಾಠಿ ಸ್ಟಿಕರ್ ಬಂತು. ಐದು ರೂಪಾಯಿ ಕೊಟ್ಟರೆ ಇಡೀ ದಿನ ಇಂಟರ್ನೆಟ್. ಸುತ್ತಲಿನ ಪಿ.ಜಿ.ಗಳ ಹುಡುಗರು, ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ ಕಡೆಯವರು ಸಂಜೆ ಅಲ್ಲಿ ನಿಂತು ಊರಿಗೆ ವಿಡಿಯೊ ಕಾಲ್ ಮಾಡುತ್ತಿದ್ದರು. ಆರು ತಿಂಗಳಾಗುವಷ್ಟರಲ್ಲಿ ರೂಟರ್‌ನ ದೀಪ ಆರಿತು. ಸ್ಟಿಕರ್ ಮಾತ್ರ ಉಳಿದಿದೆ.

‘ಯಾಕ್ ಕಾಕಾ, ಬಂದ್ ಮಾಡಿದ್ರಿ?’ ಎಂದು ಕೇಳಿದೆ.

‘ಏನ್ ಹೇಳ್ಲಿ ತಮ್ಮಾ. ಬರೋ ಹತ್ತು ಮಂದ್ಯಾಗ ಆರು ಮಂದೀದು ಬ್ಯಾರೆ ಕಂಪನಿ ಪ್ಯಾಕ್. ಇಲ್ಲಿ ನಡ್ಯೂದಿಲ್ಲ ಅಂದ್ರ ನನಗ ಬೈತಾರ. ಮ್ಯಾಲೆ ಇಂಟರ್ನೆಟ್ ಕೊಡಾವ್ರು, ಇದು ವ್ಯಾಪಾರ ಆತು, ಮನಿ ಕನೆಕ್ಷನ್ ನಡ್ಯಂಗಿಲ್ಲ, ದೊಡ್ಡ ಪ್ಲ್ಯಾನ್ ತಗೋ ಅಂದ್ರು. ಐದೈದ್ ರೂಪಾಯಿ ಕೂಡಿಸಿ ಅದನ್ನ ಹ್ಯಾಂಗ ಕಟ್ಟೂದು?’

ಸಾರ್ವಜನಿಕ ವೈಫೈ ನಮ್ಮಲ್ಲಿ ಯಾಕೆ ಬೇರೂರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಕಾಕಾ ಹೇಳಿದ ಈ ಎರಡು ಮಾತುಗಳಲ್ಲೇ ಇದೆ.

ಪುಕ್ಕಟೆ ವೈಫೈ ಪ್ರಯೋಗಗಳನ್ನು ನಾವು ನೋಡಿದ್ದೇವೆ. 2014ರ ಜನವರಿಯಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆ ಸುತ್ತಮುತ್ತ ‘ನಮ್ಮ ವೈಫೈ’ ಸದ್ದು ಮಾಡಿ ಬಂತು, ಸದ್ದಿಲ್ಲದೆ ಹೋಯಿತು. 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಿಂದ ಶುರುವಾದ ಗೂಗಲ್–ರೈಲ್‌ಟೆಲ್ ವೈಫೈ 400ಕ್ಕೂ ಹೆಚ್ಚು ನಿಲ್ದಾಣಗಳಿಗೆ ಹಬ್ಬಿತು. 2020ರಲ್ಲಿ ಗೂಗಲ್ ಕೈಬಿಟ್ಟಿತು. ಆ ನಂತರವೂ ರೈಲ್‌ಟೆಲ್ ತಾನೇ ನಡೆಸಿಕೊಂಡು ಬಂದಿದೆ. ಮೊದಲ ಅರ್ಧ ಗಂಟೆ ಪುಕ್ಕಟೆ, ಆಮೇಲೆ ದುಡ್ಡು. ಒಬ್ಬರೇ ದೊಡ್ಡವರು ಖರ್ಚು ಹೊತ್ತರೆ, ಅವರ ಉತ್ಸಾಹ ಇರುವವರೆಗೆ ಮಾತ್ರ ವೈಫೈ ಇರುತ್ತದೆ.

2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ–ವಾಣಿ ಬೇರೆ ದಾರಿ ಹಿಡಿಯಿತು. ನಮ್ಮ ಊರುಗಳ ಎಸ್‌ಟಿಡಿ ಬೂತ್ ನೆನಪಿದೆಯಲ್ಲ? ಪಿಸಿಒ ಎಂದು ಹಳದಿ ಬೋರ್ಡ್ ಇರುತ್ತಿತ್ತು. ಅದೇ ಮಾದರಿಯಲ್ಲಿ ಇಲ್ಲಿ ಪಿಡಿಒ. ಕಿರಾಣಿ ಅಂಗಡಿ, ಚಹಾದಂಗಡಿ ಯಾರಾದರೂ ಲೈಸೆನ್ಸ್ ಇಲ್ಲದೆ, ಶುಲ್ಕ ಕಟ್ಟದೆ ವೈಫೈ ಮಾರಬಹುದು. ಇಂಥ ಅಂಗಡಿಗಳನ್ನು ಜೋಡಿಸಿ ಲೆಕ್ಕ ನೋಡಿಕೊಳ್ಳಲು ಅಗ್ರಿಗೇಟರ್ ಕಂಪನಿಗಳು, ಗ್ರಾಹಕರ ಕೈಗೆ ಆ್ಯಪ್, ಇವರೆಲ್ಲರ ಪಟ್ಟಿ ಇಟ್ಟುಕೊಳ್ಳಲು ಸಿ–ಡಾಟ್. ಒಮ್ಮೆ ಆ್ಯಪ್‌ನಲ್ಲಿ ಗುರುತು ದೃಢವಾದರೆ ಯಾವ ಅಂಗಡಿಗೆ ಹೋದರೂ ವೈಫೈ ಸಿಗಬೇಕು ಎಂಬುದು ಮೂಲ ಆಶಯ. ರೋಮಿಂಗ್ ಎಂದರೆ ಇದೇ. ಆದರೆ 2018ರ ದೂರಸಂಪರ್ಕ ನೀತಿ 2022ಕ್ಕೆ 1 ಕೋಟಿ ವೈಫೈ ಕೇಂದ್ರಗಳ ಗುರಿ ಇಟ್ಟಿತ್ತು; 2025ರಲ್ಲೂ ಪಿಎಂ–ವಾಣಿ ಕೇಂದ್ರಗಳು ಕೆಲವೇ ಲಕ್ಷ.

ತಂತ್ರಜ್ಞಾನದ ಕೊರತೆ ಎನ್ನುವಂತಿಲ್ಲ. ವಿಶ್ವವಿದ್ಯಾಲಯಗಳ ‘ಎಡುರೋಮ್’ ಯುರೋಪಿನಲ್ಲಿ ಹುಟ್ಟಿ ಎರಡು ದಶಕ ದಾಟಿದೆ. ಎಂ.ಟೆಕ್. ಮಾಡುವಾಗ ಬೇರೆ ಸಂಸ್ಥೆಗೆ ಹೋಗಿ ಲ್ಯಾಪ್‌ಟಾಪ್ ತೆರೆದರೆ ಸಾಕು, ನಮ್ಮ ಕಾಲೇಜಿನ ಪಾಸ್‌ವರ್ಡ್‌ನಲ್ಲೇ ಅಲ್ಲಿನ ವೈಫೈ ಸೇರಿಕೊಳ್ಳುತ್ತಿತ್ತು. ಅಲ್ಲಿ ಇದು ಸಲೀಸು, ಯಾಕೆಂದರೆ ಸಂಸ್ಥೆಗಳ ನಡುವೆ ದುಡ್ಡಿನ ಲೆಕ್ಕವಿಲ್ಲ. ನಿಮ್ಮ ಹುಡುಗರು ನಮ್ಮಲ್ಲಿ, ನಮ್ಮ ಹುಡುಗರು ನಿಮ್ಮಲ್ಲಿ, ಅಷ್ಟೇ. ಕಾಕಾರಿಗೆ ಆ ಧಾರಾಳ ಕಟ್ಟುವುದಿಲ್ಲ. ಬೇರೆ ಕಂಪನಿಯ ಪ್ಯಾಕ್ ಇದ್ದವನು ಅವರ ವೈಫೈ ಬಳಸಿದರೆ, ಆ ಕಂಪನಿಯಿಂದ ಅವರ ಪಾಲು ಬರಬೇಕು.

ಒಂದು ಸಣ್ಣ ಲೆಕ್ಕ ಹಾಕೋಣ. 2025ರ ಜೂನ್‌ನಲ್ಲಿ ಟ್ರಾಯ್ ಒಂದು ಒಳ್ಳೆಯ ಆದೇಶ ಮಾಡಿತು. 200 ಎಂಬಿಪಿಎಸ್‌ವರೆಗಿನ ಮನೆ ಬ್ರಾಡ್‌ಬ್ಯಾಂಡ್ ಪ್ಲ್ಯಾನ್‌ಗಳನ್ನು ಪಿಡಿಒಗಳಿಗೂ ಕೊಡಬೇಕು, ದರ ಮನೆ ದರದ ಎರಡು ಪಟ್ಟು ಮೀರಬಾರದು. ಮನೆಗೆ 700 ರೂಪಾಯಿಯಾದರೆ ಕಾಕಾರಿಗೆ ಹೆಚ್ಚೆಂದರೆ 1,400. ಐದು ರೂಪಾಯಿ ಪ್ಯಾಕ್‌ನಲ್ಲಿ ಮೂರೂವರೆ ಅವರಿಗೆ ಉಳಿಯಿತು ಎಂದು ಹಿಡಿದರೂ, ಅಸಲು ಹುಟ್ಟಲು ತಿಂಗಳಿಗೆ 400 ಪ್ಯಾಕ್, ಅಂದರೆ ದಿನಕ್ಕೆ 13–14 ಮಾರಬೇಕು. ಕರೆಂಟ್ ಬಿಲ್ ಬೇರೆ. ಬರುವ ಹತ್ತರಲ್ಲಿ ಆರು ಜನ ವಾಪಸ್ ಹೋದರೆ ಇದು ಆಗದ ಮಾತು. ಎಲ್ಲರ ಪ್ಯಾಕೂ ನಡೆದು, ಪ್ರತಿಯೊಂದಕ್ಕೂ ಪಾಲು ಸಿಕ್ಕರೆ ಮಾತ್ರ ಸಾಧ್ಯ. ರೋಮಿಂಗ್ ಪ್ರಯಾಣಿಕರ ಸುಖಕ್ಕೆ ಎಂದು ನಾವು ಅಂದುಕೊಳ್ಳುತ್ತೇವೆ. ಅಸಲಿಗೆ ಅದು ಅಂಗಡಿಯವನ ಗಳಿಕೆಯ ಪ್ರಶ್ನೆ.

ಮೊಬೈಲ್ ಕಂಪನಿಗಳ ತಕರಾರನ್ನೂ ಕೇಳಬೇಕು. ತಾವು ಸ್ಪೆಕ್ಟ್ರಂ ಕೊಂಡು, ಲೈಸೆನ್ಸ್ ಶುಲ್ಕ ಕಟ್ಟಿ ಸೇವೆ ಕೊಡುವಾಗ, ಏನೂ ಕಟ್ಟದವರು ಅದೇ ಗ್ರಾಹಕರಿಗೆ ಮಾರುವುದು ನ್ಯಾಯವೇ ಎಂಬುದು ಅವರ ವಾದ. ತೆಗೆದುಹಾಕುವ ಮಾತಲ್ಲ. ಆದರೆ ಐದು ರೂಪಾಯಿಯ ಗಿರಾಕಿ ಅವರ ದೊಡ್ಡ ರೀಚಾರ್ಜ್ ಬಿಟ್ಟು ಬರುವವನಲ್ಲ; ದಿನದ ಡೇಟಾ ಮಧ್ಯಾಹ್ನಕ್ಕೇ ಮುಗಿದವನು. ಕಿಕ್ಕಿರಿದ ಜಾಗದಲ್ಲಿ ಟವರ್ ಮೇಲಿನ ಭಾರವೂ ವೈಫೈಯಿಂದ ಇಳಿಯುತ್ತದೆ. ಮೊಬೈಲ್ ಕಂಪನಿಗಳೂ ಪಿಡಿಒಗಳಿಗೆ ಪಾಲು ಕೊಟ್ಟು ತಮ್ಮ ಗ್ರಾಹಕರನ್ನು ಅಲ್ಲಿಗೆ ಕಳುಹಿಸಬಹುದು.

‘ಡೇಟಾ ಇಷ್ಟು ಅಗ್ಗವಿರುವಾಗ ವೈಫೈ ಯಾಕೆ?’ ಎನ್ನುವವರೂ ಇದ್ದಾರೆ. ನಮ್ಮಂಥ ಸಂಬಳದವರಿಗೆ ಹಾಗೆ ಕಾಣುವುದು ಸಹಜ. 2024ರ ಜುಲೈನಲ್ಲಿ ಮೊಬೈಲ್ ದರ ಏರಿದಾಗ ನಮ್ಮಲ್ಲಿ ಎಷ್ಟು ಜನ ಗಮನಿಸಿದೆವು? ಒಂದೇ ಫೋನ್‌ನಲ್ಲಿ ಮಗಳ ಮುಖ ನೋಡಬೇಕಾದ, ಊರಿಗೆ ಹಣ ಕಳಿಸಬೇಕಾದ ಯಾದಗಿರಿಯ ಗಾರೆ ಕೆಲಸದವನು ಗಮನಿಸಿದ್ದಾನೆ.

ಆಗಬೇಕಾದದ್ದು ಮೂರು. ಬೇರೆ ಕಂಪನಿಯ ಗ್ರಾಹಕ ಬಂದಾಗ ಅಂಗಡಿಗೆ ಒಂದು ಜಿಬಿಗೆ ಇಷ್ಟು ಎಂಬ ದರ ಬಹಿರಂಗವಾಗಿ ನಿಗದಿಯಾಗಲಿ. ಕಂಪನಿಗಳ ನಡುವಿನ ಲೆಕ್ಕ ಚುಕ್ತಾ ಮಾಡಲು, ಯುಪಿಐಗೆ ಎನ್‌ಪಿಸಿಐ ಇರುವಂತೆ, ಯಾರ ಕಡೆಗೂ ವಾಲದ ಒಂದು ಸಂಸ್ಥೆ ಇರಲಿ. ಮತ್ತು ಅಂಗಡಿಯವನ ಪಾಲು ಮೂರು ತಿಂಗಳಿಗೊಮ್ಮೆಯಲ್ಲ, ಮರುದಿನವೇ ಅವನ ಖಾತೆಗೆ ಬೀಳಲಿ. ಯಾವ ಬ್ಯಾಂಕಿನವನು ಯಾವ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೂ ದುಡ್ಡು ಬರುತ್ತದೆ ಎಂಬ ನಂಬಿಕೆಯಿಂದಲ್ಲವೇ ಕಾಕಾ ಕ್ಯೂಆರ್ ಕೋಡ್ ಅಂಟಿಸಿದ್ದು?

ಹೊಸ ಆದೇಶದ ವಿಷಯ ಮೊನ್ನೆ ಅವರಿಗೆ ಹೇಳಿದೆ. ಝೆರಾಕ್ಸ್ ತೆಗೆಯುತ್ತಲೇ ಕೇಳಿಸಿಕೊಂಡರು. ‘ಬಿಲ್ ಕಮ್ಮಿ ಆದ್ರ ಆತು ತಮ್ಮಾ. ಆದ್ರ ಬಂದಾವ್ರೆಲ್ಲಾರಿಗೂ ನಡೀತದೇನು, ಅದನ್ನ ಮೊದಲ ಕೇಳ್ಕೊಂಡ್ ಬಾ’ ಎಂದರು. ರೂಟರ್ ಇನ್ನೂ ಮಾಡಿನ ಮೇಲೇ ಇದೆ.