ತಲೆಯ ಮೇಲೊಂದು ಗೋಕುಲ ರಸ್ತೆ!

ಗೆಳೆಯರೇ, ಹೋದ ಭಾನುವಾರ ಗೋಕುಲ ರಸ್ತೆಯ ಸಲೂನಿನಲ್ಲಿ ನನ್ನ ಮರ್ಯಾದೆ ಹೋಯಿತು. "ಅಣ್ಣಾ, ಹೀರೋ ಕಟಿಂಗ್ ಮಾಡು" ಅಂದೆ. ಆತ ಹಿಂದಲೆ ನೋಡಿ, "ಇಲ್ಲೊಂದು ಗೋಕುಲ ರೋಡ್ ಐತಲ್ರೀ, ಇದನ್ನ ಹ್ಯಾಂಗ ಮುಚ್ಚಲಿ?" ಅಂದ. ಅಂಗಡಿಯೆಲ್ಲಾ ನಗು!

ಫಸ್ಟ್ ಡೇ ಟಿಕೆಟ್ಟಿಗಾಗಿ ಟಾಕೀಸಿನ ಕಾಂಪೌಂಡ್ ಹಾರಲು ಹೋಗಿ ಬಿದ್ದಾಗ ಹಾಕಿಸಿಕೊಂಡ ಏಳು ಹೊಲಿಗೆಯ ಗುರುತು ಅದು. ಹತ್ತು ವರ್ಷ ಎಣ್ಣೆ ತಿಕ್ಕಿದೆ. ಒಂದು ಕೂದಲೂ ಬರಲಿಲ್ಲ. ಬರುವುದೂ ಇಲ್ಲ. ಮಾಗಿದ ಗಾಯದ ಚರ್ಮದಲ್ಲಿ ಕೂದಲಿನ ಬುಡವೇ ಇರುವುದಿಲ್ಲ. ಬೀಜವಿಲ್ಲದ ಹೊಲಕ್ಕೆ ಎಷ್ಟು ನೀರು ಬಿಟ್ಟರೇನು?

ಪಕ್ಕದ ಕುರ್ಚಿಯ ಗೆಳೆಯ ಮಾತ್ರ ನಗಲಿಲ್ಲ. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಓಡಿಸುವ ಹುಡುಗ. ಮುಂದಲೆ ಖಾಲಿ, ಮನೆಯಲ್ಲಿ ಕನ್ಯಾ ನೋಡುತ್ತಿದ್ದಾರೆ. ಸಾಲ ಮಾಡಿ ಕೂದಲು ನಾಟಿ ಮಾಡಿಸಲು ಹೊರಟಿದ್ದಾನೆ. "ಹಿಂದಲೆಯಿಂದ ಪಟ್ಟಿ ಕೊಯ್ದು ತೆಗೀತಾರಂತ. ನನಗೂ ಹಿಂಗ ರೋಡ್ ಬೀಳತೈತೇನೋ?" ಅಂದ.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕೂದಲು ನೆಟ್ಟಗೆ ನಿಂತಿರುವುದಿಲ್ಲ, ಓರೆಯಾಗಿ ಬೆಳೆಯುತ್ತದೆ. ಅದರ ಬುಡ ಕೆಲವು ಮಿಲಿಮೀಟರ್ ಆಳದಲ್ಲಿರುತ್ತದೆ. ಬ್ಲೇಡನ್ನು ನೇರ ಇಳಿಸಿದರೆ ಅಂಚಿನ ಬುಡಗಳು ತುಂಡಾಗುತ್ತವೆ, ಗೆರೆ ಅಗಲವಾಗಿ ಬೋಳಾಗುತ್ತದೆ. ಕೂದಲಿನ ಓರೆಯನ್ನೇ ಹಿಡಿದು ಕೊಯ್ದರೆ ಬುಡಗಳು ಉಳಿಯುತ್ತವೆ.

ಇನ್ನೊಂದು ಕೈಚಳಕದ ಹೆಸರು ಟ್ರೈಕೋಫಿಟಿಕ್. ಹೊಲಿಯುವ ಮುಂಚೆ ಒಂದು ಅಂಚಿನ ಮೇಲ್ಪದರವನ್ನು ಸುಮಾರು 1 ಮಿಲಿಮೀಟರಿನಷ್ಟು ಸವರಿ, ಇನ್ನೊಂದು ಅಂಚನ್ನು ಅದರ ಮೇಲೆ ಕೂಡಿಸುತ್ತಾರೆ. ಕೆಳಗುಳಿದ ಬುಡಗಳು ಕೆಲವು ತಿಂಗಳಲ್ಲಿ ಗಾಯದ ಗೆರೆಯನ್ನೇ ತೂರಿ ಕೂದಲು ಹೊರಡಿಸುತ್ತವೆ! ಆದರೆ ಅಂಚುಗಳನ್ನು ಬಿಗಿಯಾಗಿ ಎಳೆದು ಹೊಲಿದರೆ, ರಕ್ತ ನಿಲ್ಲಿಸಲು ಹೆಚ್ಚು ಸುಟ್ಟರೆ, ಈ ಜಾಣತನವೂ ಸೋಲುತ್ತದೆ. ಒಂದೊಂದೇ ಬುಡ ತೆಗೆಯುವ ವಿಧಾನದಲ್ಲಿ ಉದ್ದ ಗೆರೆಯಿಲ್ಲ, ಸಣ್ಣ ಚುಕ್ಕೆಗಳು ಉಳಿಯುತ್ತವೆ.

ಲೇತ್ ಹುಡುಗನಿಗೆ ಥಟ್ಟನೆ ತಿಳಿಯಿತು. "ಅಂದ್ರ ಟೂಲಿನ ಆ್ಯಂಗಲ್ ಮ್ಯಾಲೆ ಎಲ್ಲಾ ಐತಿ!"

ಹೌದಪ್ಪಾ. ನನ್ನ ತಲೆ ಸೀಳಿದ ಕಲ್ಲಿಗೆ ಕೂದಲಿನ ದಿಕ್ಕು ಗೊತ್ತಿರಲಿಲ್ಲ. ಸರ್ಜನ್ನಿಗೆ ಗೊತ್ತಿರಬೇಕು! ದುಡ್ಡು ಕಟ್ಟುವ ಮುಂಚೆ ಕೇಳಿ: ಕೊಯ್ಯುವವರು ಯಾರು? ಯಾವ ಓರೆಯಲ್ಲಿ? ಹೊಲಿಗೆ ಹೇಗೆ? ಕೂದಲು ನಾಟಿಯನ್ನು ತರಬೇತಿ ಪಡೆದ ವೈದ್ಯರೇ ಮಾಡಬೇಕೆಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಹೇಳಿದೆ. ಅಗ್ಗ ಅಂತ ಯಾರ ಕೈಗೋ ತಲೆ ಕೊಡಬೇಡಿ.

ನಾಟಿ ಮಾಡಿಸದಿದ್ದರೂ ಲೋಕ ಮುಳುಗುವುದಿಲ್ಲ. ಬೆಂಗಳೂರಿನ ಬಸ್ಸಿನಲ್ಲಿ ಟಿಕೆಟ್ ಹರಿದ ರಜನೀಕಾಂತ್ ಬೋಳುತಲೆಯಲ್ಲೇ ಸಭೆಗೆ ಬರುತ್ತಾರೆ, ಶಿಳ್ಳೆ ಕಮ್ಮಿಯಾಗಿಲ್ಲ. 2017ರಲ್ಲಿ ರಾಜ್ ಬಿ. ಶೆಟ್ಟಿ 'ಒಂದು ಮೊಟ್ಟೆಯ ಕಥೆ'ಯಲ್ಲಿ ಬೋಳುತಲೆಯನ್ನೇ ಹೀರೋ ಮಾಡಿ ಗೆದ್ದರು!

ಗೆಳೆಯ ಸಾಲದ ಅರ್ಜಿಯನ್ನು ಮಡಚಿ ಜೇಬಿಗಿಟ್ಟ. ಮೊದಲು ಡಾಕ್ಟರಿಗೆ ಪ್ರಶ್ನೆ, ಆಮೇಲೆ ಸಾಲವಂತೆ.

ನನ್ನ ಹಳೆಯ ಗುರುತನ್ನೂ ಕೊಯ್ದು ಹೊಸದಾಗಿ ಹೊಲಿಯಬಹುದಂತೆ. ನನಗೆ ಮನಸ್ಸಿಲ್ಲ. ಆ ದಿನ ಟಿಕೆಟ್ಟಂತೂ ಸಿಗಲಿಲ್ಲ, ಗುರುತಾದರೂ ಇರಲಿ!