ಡಾಕ್ಟರ ಕೈಗುಣಕ್ಕೂ ಲೆಕ್ಕ ಉಂಟು

ಹರ್ನಿಯಾ ಆಪರೇಷನ್ ಮಾಡಿಸಬೇಕು ಅಂತ ಯಾರಾದರೂ ಬಾಯಿಬಿಟ್ಟರೆ ಸಾಕು, ಬಸ್ಸಿನಲ್ಲಿ ಅಕ್ಕಪಕ್ಕ ಕೂತವರೆಲ್ಲ ಸಲಹೆಗಾರರೇ. "ಆ ಡಾಕ್ಟರ ಹತ್ರ ಹೋಗ್ರಿ, ಕೈಗುಣ ಚಲೋ ಐತೆ" ಅಂತ ಒಬ್ಬರು. "ಅಯ್ಯೋ ಅಲ್ಲಿಗೆ ಬ್ಯಾಡ, ನಮ್ಮ ಮಾವನಿಗೆ ಹೊಲಿಗೆ ಬಿಚ್ಚಿದ ಮೇಲೆ ತಿಂಗಳಾನುಗಟ್ಲೆ ಕೀವು" ಅಂತ ಇನ್ನೊಬ್ಬರು. ಕಂಡಕ್ಟರ್ ಟಿಕೆಟ್ ಹರಿದು ಮುಗಿಸೋಷ್ಟರಲ್ಲಿ ಊರಿನ ಅಷ್ಟೂ ಸರ್ಜನ್‌ಗಳ ಜಾತಕ ಹೊರಬಿದ್ದಿರುತ್ತದೆ.

ನಗಬೇಡಿ. ಜನಕ್ಕೆ ಬೇರೆ ದಾರಿ ಏನಿದೆ? ಕಿರಾಣಿ ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ಖಾಸಗಿ ನರ್ಸಿಂಗ್ ಹೋಮ್‌ನವರು ದರಪಟ್ಟಿಯನ್ನು ಕಣ್ಣಿಗೆ ಕಾಣುವ ಹಾಗೆ ಹಾಕಬೇಕು ಅಂತ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಆದರೆ ಹೋದ ವರ್ಷ ಈ ಥಿಯೇಟರಿನಲ್ಲಿ ಎಷ್ಟು ಹೊಟ್ಟೆ ಕೊಯ್ದರು, ಎಷ್ಟಕ್ಕೆ ಕೀವಾಯಿತು, ಎಷ್ಟು ಜನ ತಿರುಗಿ ಬಂದು ಅಡ್ಮಿಟ್ ಆದರು ಎಂಬ ಪಟ್ಟಿಯನ್ನು ಯಾವ ಗೋಡೆಯ ಮೇಲೆ ನೋಡಿದ್ದೀರಿ? ದರ ಗೊತ್ತು, ಮಾಲು ಹೇಗೆ ಅಂತ ಗೊತ್ತಿಲ್ಲ. ವ್ಯಾಪಾರಸ್ಥರು ಇಂಥ ಕಡೆ ಒಂದು ಮೂಟೆ ಅಕ್ಕಿಯನ್ನೂ ಕೊಳ್ಳೋದಿಲ್ಲ.

ಈ ಕೈಗುಣ ಅನ್ನೋದು ದೇವರು ಕೊಟ್ಟಿದ್ದು, ಅಳೆಯೋಕೆ ಬರೋದಿಲ್ಲ ಅಂತ ನಾವು ಅಂದುಕೊಂಡಿದ್ದೇವೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಅಳೆದೇಬಿಟ್ಟರು. ಬೊಜ್ಜು ಇಳಿಸುವ ಹೊಟ್ಟೆಯ ಆಪರೇಷನ್ ಮಾಡುವ 20 ಸರ್ಜನ್‌ಗಳು ತಲಾ ಒಂದೊಂದು ವಿಡಿಯೋ ಕೊಟ್ಟರು. ಹೆಸರು, ಊರು ಮುಚ್ಚಿ ಅದನ್ನು ಬೇರೆ ಸರ್ಜನ್‌ಗಳಿಗೆ ತೋರಿಸಿ ಅಂಕ ಹಾಕಿಸಿದರು. ಆಮೇಲೆ ಆಯಾ ಡಾಕ್ಟರ ರೋಗಿಗಳಿಗೆ ಏನಾಯಿತು ಅಂತ ದಾಖಲೆ ತೆಗೆದು ಪಕ್ಕದಲ್ಲಿಟ್ಟು ನೋಡಿದರು. ಕಡಿಮೆ ಅಂಕದ ಕಾಲುಭಾಗದವರ ರೋಗಿಗಳಲ್ಲಿ ನೂರಕ್ಕೆ 14.5 ಮಂದಿಗೆ ತೊಂದರೆ. ಹೆಚ್ಚು ಅಂಕದ ಕಾಲುಭಾಗದವರಲ್ಲಿ ನೂರಕ್ಕೆ 5.2. ಸಾವು ಎರಡೂ ಕಡೆ ಕಡಿಮೆಯೇ, ಆದರೂ 0.26ಕ್ಕೂ 0.05ಕ್ಕೂ ಐದು ಪಟ್ಟು ಅಂತರ. ಇದು ಅಚ್ಚಾಗಿದ್ದು 2013ರಲ್ಲಿ. ಬಸ್ಸಿನ ಅಜ್ಜಿಯ ಮಾತು ಸುಳ್ಳಲ್ಲ ಅಂತಾಯ್ತು. ಇನ್ನೊಂದು ಸಂಗತಿಯೂ ಅದರಲ್ಲೇ ಹೊರಬಿತ್ತು: ಅದೇ ಆಪರೇಷನ್ನು ಹೆಚ್ಚು ಸಲ ಮಾಡಿದವರ ಕೈಯೇ ಹೆಚ್ಚು ಪಳಗಿತ್ತು.

ಹಾಗಾದರೆ ಎಲ್ಲ ಕೈಯಲ್ಲೇ ಇದೆಯೇ? ಅಷ್ಟು ಸುಲಭವಲ್ಲ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅತುಲ್ ಗವಾಂಡೆ ಮತ್ತವರ ಜೊತೆಯವರು ದೆಹಲಿಯೂ ಸೇರಿ ಎಂಟು ಊರುಗಳ ಎಂಟು ಆಸ್ಪತ್ರೆಗಳ ಲೆಕ್ಕ ಕೊಟ್ಟರು. ಕತ್ತರಿ ಹಾಕುವ ಮುಂಚೆ ರೋಗಿ ಇವರೇ ತಾನೆ, ಕೊಯ್ಯೋದು ಈ ಕಡೆಯೇ ತಾನೆ, ಆ್ಯಂಟಿಬಯಾಟಿಕ್ ಕೊಟ್ಟಾಯ್ತಾ, ಮುಗಿದ ಮೇಲೆ ಹತ್ತಿ ಬಟ್ಟೆಯ ಎಣಿಕೆ ಸರಿಯಿದೆಯಾ ಅಂತ 19 ಅಂಶಗಳನ್ನು ಬಾಯಿಬಿಟ್ಟು ಹೇಳಬೇಕು. ಅಷ್ಟೇ. ಸಾವು ನೂರಕ್ಕೆ 1.5 ಇದ್ದದ್ದು 0.8ಕ್ಕೆ ಇಳಿಯಿತು, ತೊಂದರೆಗಳು 11ರಿಂದ 7ಕ್ಕೆ. ಜಗತ್ತೆಲ್ಲ ಆ ಪಟ್ಟಿಯ ಹಿಂದೆ ಬಿತ್ತು. ಕೆನಡಾದ ಒಂಟಾರಿಯೋದಲ್ಲಿ ಎಲ್ಲ ಕಡೆ ಕಡ್ಡಾಯ ಮಾಡಿದರು. 2014ರಲ್ಲಿ 101 ಆಸ್ಪತ್ರೆಗಳ ಲೆಕ್ಕ ತೆಗೆದರೆ, ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ! ಯಾಕೆ ಅಂತ ಈಗಲೂ ಜಗಳ ನಡೆದಿದೆ. ಮೇಲಿನವರು ಹೇಳಿದರು ಅಂತ ಟಿಕ್ ಹಾಕುವ ಚಾಳಿ ಕೆನಡಾದಲ್ಲೂ ಇರಬಹುದು ಅಂತ ನನಗನ್ನಿಸುತ್ತದೆ. ನಮ್ಮ ಕಚೇರಿಗಳಲ್ಲಿ ಹಾಜರಿ ಪುಸ್ತಕಕ್ಕೆ ಸಂಜೆ ಒಟ್ಟಿಗೇ ಸಹಿ ಬೀಳುವುದನ್ನು ಕಂಡವರಿಗೆ ಇದು ಹೊಸದೇನಲ್ಲ.

ನನಗೆ ಇದಕ್ಕಿಂತ ಮನಸ್ಸಿಗೆ ಹಿಡಿಸಿದ್ದು ಗ್ಲೌಸಿನ ಕತೆ. ಭಾರತವೂ ಸೇರಿದಂತೆ ಏಳು ದೇಶಗಳ 81 ಆಸ್ಪತ್ರೆಗಳಲ್ಲಿ 13,301 ರೋಗಿಗಳ ಮೇಲೆ ನಡೆದ ಪರೀಕ್ಷೆ ಅದು, ಫಲಿತಾಂಶ ಬಂದದ್ದು 2022ರಲ್ಲಿ. ಉಳಿದವು ಘಾನಾ, ಬೆನಿನ್, ನೈಜೀರಿಯಾ, ರುವಾಂಡಾ, ದಕ್ಷಿಣ ಆಫ್ರಿಕಾ, ಮೆಕ್ಸಿಕೋ. ನಮ್ಮಂಥವೇ ನೂಕುನುಗ್ಗಲಿನ ಆಸ್ಪತ್ರೆಗಳು. ಹೊಟ್ಟೆಯ ಆಪರೇಷನ್ ಮುಗಿದು ಹೊಲಿಗೆ ಹಾಕುವ ಹೊತ್ತಿಗೆ ಹಳೇ ಗ್ಲೌಸು ಬಿಚ್ಚಿ ಹೊಸದು ಹಾಕಿಕೊಳ್ಳಿ, ಹೊಲಿಯೋಕೆ ಬೇರೆ ಶುದ್ಧ ಮಾಡಿದ ಕತ್ತರಿ, ಚಿಮುಟ ತಗೊಳ್ಳಿ ಅಂದರು. ಹಾಗೆ ಮಾಡದ ಕಡೆ ನೂರಕ್ಕೆ 18.9 ಮಂದಿಗೆ ಗಾಯ ಕೀವಾಯಿತು, ಮಾಡಿದ ಕಡೆ 16. ಮೂರೇ ಜನ ಅಂತ ಮೂಗು ಮುರಿಯಬೇಡಿ. ನೂರರಲ್ಲಿ ಮೂವರು ಅಂದರೆ ಸಾವಿರಕ್ಕೆ ಮೂವತ್ತು ಮನೆ. ಕೂಲಿಯವನಿಗೆ ಹೊಟ್ಟೆಯ ಗಾಯ ಕೀವಾಯಿತು ಅಂದರೆ ವಾರಗಟ್ಟಲೆ ಡ್ರೆಸ್ಸಿಂಗು, ಬಸ್ ಛಾರ್ಜು, ಹೋದ ಕೂಲಿ. ಅಂಗಡಿಯವನಾದರೆ ಬಾಗಿಲು ಹಾಕಿದ ದಿನಗಳ ಉದ್ರಿ ವಸೂಲಿ ಕೂಡ ಹೋಯಿತು. ಇದಕ್ಕೆ ಫಾರಿನ್ ಮೆಷೀನ್ ಬೇಡ, ಟೆಂಡರು ಕರೆಯುವ ದೊಡ್ಡ ಕಾಮಗಾರಿ ಬೇಡ. ಅದಕ್ಕೇ ಯಾರಿಗೂ ಆಸಕ್ತಿ ಇರಲಿಕ್ಕಿಲ್ಲ.

ಇನ್ನು ಸರ್ಜನ್ ತಯಾರಾಗುವ ವಿಚಾರ. ಎಂ.ಬಿ.ಬಿ.ಎಸ್. ಮುಗಿಸಿ ಮೂರು ವರ್ಷ ಎಂ.ಎಸ್. ಒಂದು ನೋಡು, ಒಂದು ಮಾಡು, ಒಂದು ಕಲಿಸು ಅನ್ನೋದು ಡಾಕ್ಟರುಗಳಲ್ಲಿ ಹಳೇ ಮಾತು. ಮಾಡಿ ಕಲಿಯೋದು ಯಾರ ಮೇಲೆ? ಉತ್ತರ ಎಲ್ಲರಿಗೂ ಗೊತ್ತು. ದುಡ್ಡಿದ್ದವರು ಹಿರಿಯ ಸರ್ಜನ್ನನ್ನೇ ಬೇಕು ಅಂತ ಕೇಳುತ್ತಾರೆ. ಜನರಲ್ ವಾರ್ಡಿನವರು ಕೇಳುವುದಿಲ್ಲ. 2021ರಲ್ಲಿ ಸೇರಿದ ತಂಡದಿಂದ ಎಂ.ಡಿ., ಎಂ.ಎಸ್. ಓದುವವರೆಲ್ಲ ಮೂರು ತಿಂಗಳು ಜಿಲ್ಲಾಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮ ದೇಶಕ್ಕೆಲ್ಲ ಬಂದಿದೆ. ಒಳ್ಳೆಯದೇ. ಮೆಡಿಕಲ್ ಕಾಲೇಜಿನಲ್ಲಿ ಒಂದು ಅಪೆಂಡಿಕ್ಸಿಗೆ ನಾಲ್ಕು ಜನ ಇಣುಕುವಾಗ ಜಿಲ್ಲಾಸ್ಪತ್ರೆಯಲ್ಲಿ ಕೈಗೆ ಕೆಲಸ ಸಿಗುತ್ತದೆ. ನಮಗೂ ರಾತ್ರಿ ಹೊತ್ತು ಒಬ್ಬ ಡಾಕ್ಟರು ಸಿಗುತ್ತಾರೆ.

"ಕಲಿಯೋ ಹುಡುಗರ ಕೈಗೆ ಹೊಟ್ಟೆ ಕೊಡೋದಾ?" ಅಂತ ಹೆದರುವವರಿಗೆ ಒಂದು ಮಾತು. ಅಮೆರಿಕದ ದೊಡ್ಡ ದಾಖಲೆಗಳನ್ನು ಜಾಲಾಡಿ ನೋಡಿದ್ದಾರೆ. ಕಲಿಯುವವರು ಕೈ ಹಾಕಿದ ಆಪರೇಷನ್ನುಗಳಿಗೆ ಹೊತ್ತು ಹೆಚ್ಚು ಹಿಡಿಯುತ್ತದೆ, ಸಣ್ಣಪುಟ್ಟ ತೊಂದರೆ ಕೊಂಚ ಹೆಚ್ಚು, ಆದರೆ ಸಾವು ಹೆಚ್ಚಿಲ್ಲ. ಅಷ್ಟಕ್ಕೆ ಸಮಾಧಾನ ಪಡಬೇಡಿ. ಅಲ್ಲಿ ಹಿರಿಯರು ಪಕ್ಕದಲ್ಲಿರಬೇಕು ಎನ್ನುವುದು ಬಿಗಿಯಾದ ಕಟ್ಟಳೆ. ನಮ್ಮಲ್ಲಿ ಹಿರಿಯರು ಆ ಹೊತ್ತಿಗೆ ಎಲ್ಲಿರುತ್ತಾರೆ, ಥಿಯೇಟರಿನಲ್ಲೋ ಸ್ವಂತ ಕ್ಲಿನಿಕ್ಕಿನಲ್ಲೋ ಅನ್ನೋದೇ ಪ್ರಶ್ನೆ. ಹುಡುಗನ ಕೈ ನಡುಗೋದು ತಪ್ಪಲ್ಲ, ಆ ಕೈ ಹಿಡಿಯುವವರು ಇಲ್ಲದಿರೋದು ತಪ್ಪು.

ನಿದ್ದೆಗೆಟ್ಟ ಹುಡುಗರ ಮಾತೂ ಇದೆ. ಒಂದೇ ಸಮನೆ 12 ಗಂಟೆ ಮೀರಿ ದುಡಿಸಬೇಡಿ ಅಂತ 1992ರಷ್ಟು ಹಿಂದೆಯೇ ಕೇಂದ್ರ ಸರ್ಕಾರ ಹೇಳಿತ್ತು. ಪಾಲನೆ ಹೇಗಿದೆ ಅಂತ ಯಾವ ಪಿ.ಜಿ. ಹುಡುಗನನ್ನಾದರೂ ಕೇಳಿ, ಅವನು ಎಚ್ಚರವಿದ್ದರೆ ಹೇಳುತ್ತಾನೆ.

ಫಲಿತಾಂಶ ಗೋಡೆಗೆ ಅಂಟಿಸಿ ಅಂದರೆ ಡಾಕ್ಟರುಗಳು ಬೆಚ್ಚುತ್ತಾರೆ. ಅವರ ವಾದದಲ್ಲೂ ಹುರುಳಿದೆ. ಮೂರು ಕಡೆ ಸುತ್ತಿಸಿ, ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಕೀವಾದ ಮೇಲೆ ಕರೆತರೋದು ಜಿಲ್ಲಾಸ್ಪತ್ರೆಗೇ. ಅಂಥವರು ಸತ್ತರೆ ಲೆಕ್ಕ ಜಿಲ್ಲಾಸ್ಪತ್ರೆಯ ತಲೆಗೆ. ಸಲೀಸು ಕೇಸು ಆರಿಸಿಕೊಂಡ ನರ್ಸಿಂಗ್ ಹೋಮಿಗೆ ಶಹಬ್ಬಾಸ್. ನ್ಯೂಯಾರ್ಕಿನಲ್ಲಿ 1990ರ ಸುಮಾರಿಗೆ ಹೃದಯದ ಸರ್ಜನ್‌ಗಳ ಅಂಕಿ ಬಯಲಿಗೆ ತಂದಾಗ, ಕಷ್ಟದ ರೋಗಿಗಳನ್ನು ಡಾಕ್ಟರುಗಳು ದೂರ ಇಡುತ್ತಾರೆ ಎಂಬ ಆತಂಕ ಅಲ್ಲೂ ಎದ್ದಿತ್ತು. ಅದಕ್ಕೆ ಉಪಾಯವೂ ಅಲ್ಲೇ ಇದೆ: ರೋಗಿಯ ವಯಸ್ಸು, ಬಂದಾಗಿನ ಸ್ಥಿತಿ ಎಲ್ಲ ಹಿಡಿದು ಲೆಕ್ಕ ಹಾಕೋದು. ಬಡವರಿಗೆ ಉದ್ರಿ ಕೊಡುವ ಅಂಗಡಿಯಲ್ಲಿ ಬಾಕಿ ಹೆಚ್ಚಿರುತ್ತದೆ. ಅಷ್ಟಕ್ಕೇ ಸಾಹುಕಾರನಿಗೆ ವ್ಯಾಪಾರ ಬರೋದಿಲ್ಲ ಅಂತ ಯಾರೂ ಅನ್ನೋದಿಲ್ಲ. ಇಂಗ್ಲೆಂಡಿನಲ್ಲಿ 2013ರಿಂದ ಹಲವು ವಿಭಾಗಗಳ ಸರ್ಜನ್‌ಗಳ ಫಲಿತಾಂಶವನ್ನು ಹೆಸರು ಸಮೇತ ಹೊರಗೆ ಹಾಕತೊಡಗಿದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ನಮ್ಮಲ್ಲಿ ಡಾಕ್ಟರ ಹೆಸರು ಹಾಕೋದು ಈಗಲೇ ಬೇಡ. ಒಂದು ಆಸ್ಪತ್ರೆಗೆ ಒಂದು ಹಾಳೆ ಸಾಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಆಪರೇಷನ್ ಲೆಕ್ಕದಲ್ಲೇ ದುಡ್ಡು ಹೋಗುತ್ತದೆ, ಅಂದಮೇಲೆ ಎಣಿಕೆ ಇದ್ದೇ ಇದೆ. ಎಷ್ಟು ಜನ ಕೀವಾಗಿ ತಿರುಗಿ ಬಂದರು ಅನ್ನೋದನ್ನು ಮಾತ್ರ ಬರೆದಿಡಬೇಕು. ರೋಗಿ ಮನೆಗೆ ಹೋದ ಮೇಲೆ ಏನಾಯಿತು ಅಂತ 30 ದಿನದ ನಂತರ ಒಂದು ಫೋನು ಮಾಡಿದರೂ ಆದೀತು.

ಅಲ್ಲಿಯವರೆಗೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಕೇಳಲು ಸಂಕೋಚ ಬೇಡ: ಕೊಯ್ಯೋರು ಯಾರು, ಹಿರಿಯ ಡಾಕ್ಟರು ಒಳಗೇ ಇರ್ತಾರಾ, ಇಂಥ ಆಪರೇಷನ್ ಇಲ್ಲಿ ತಿಂಗಳಿಗೆ ಎಷ್ಟಾಗುತ್ತೆ, ಮನೆಗೆ ಹೋದ ಮೇಲೆ ಜ್ವರ ಬಂದರೆ ಯಾರ ಹತ್ರ ಬರಬೇಕು. ಒಳ್ಳೇ ಸರ್ಜನ್ ಇದಕ್ಕೆ ಮುನಿಸಿಕೊಳ್ಳೋದಿಲ್ಲ. ಇನ್ನು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಕೂರುವ ಮುಖಂಡರು ಮುಂದಿನ ಸಭೆಯಲ್ಲಿ ಕಾಫಿ ಬರುವ ಮುಂಚೆ ಒಂದು ಪ್ರಶ್ನೆ ಕೇಳಲಿ: ನಮ್ಮ ಥಿಯೇಟರಿನಲ್ಲಿ ಹೊಲಿಗೆ ಹಾಕೋಕೆ ಮೊದಲು ಗ್ಲೌಸು ಬದಲಾಯಿಸ್ತಾರಾ?